ಐಗಳೂ ಹೆತ್ತವರೂ

ಮಗುವನ್ನು ಶಾಲೆಗೆ ಸೇರಿಸುವುದೆಂದರೆ ಹೆತ್ತವರು ಹೋಗಿ ಶಾಲೆಯ ಬಾಗಿಲಲ್ಲಿ ನಿಲ್ಲುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಇನ್ನೂರು ವರ್ಷಗಳ ಹಿಂದೆ ಬಳ್ಳಾರಿಯ ಸೀಮೆಯಲ್ಲಿ ಸಂಪ್ರದಾಯವು ಇದಕ್ಕೆ ತಿರುಗುಮುರುಗಾಗಿತ್ತು. ಮಗುವಿಗೆ ಐದು ವರ್ಷ ತುಂಬಿದೊಡನೆ ಹೆತ್ತವರು ಮಠದ ಐಗಳನ್ನೂ ಅವರ ಶಿಷ್ಯರನ್ನೂ ಮನೆಗೆ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕುಳಿತ ಮೇಲೆ ಮಗುವನ್ನು ದೇವರ ಎದುರಿಗೆ ಕೂರಿಸಿ, ಧೂಪ ನೈವೇದ್ಯಗಳಾದ ಬಳಿಕ, ಐಗಳು ಅದರ ಬಾಯಿಂದ ವಿದ್ಯಾಬುದ್ಧಿಗಳನ್ನು ಬೇಡುವ ಪ್ರಾರ್ಥನೆಯನ್ನು ಹೇಳಿಸುತ್ತಿದ್ದರು. ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಸುತ್ತಿದ್ದರು. ಹೆತ್ತವರು ಶಕ್ತ್ಯನುಸಾರ ಕಾಣಿಕೆ ಕೊಟ್ಟು ಅವರನ್ನು ಬೀಳ್ಕೊಡುತ್ತಿದ್ದರು. ಮಗು ಮಠಕ್ಕೆ ಹೊರಡುತ್ತಿದ್ದುದು ಮರುದಿನ ಬೆಳಗ್ಗೆ. ಅಷ್ಟರಲ್ಲಿ ಶಾಲೆಯೇ ಒಮ್ಮೆ ಮನೆಗೆ ಬಂದುಹೋಗಿರುತ್ತಿತ್ತು.

ಇದನ್ನು ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್. ತೆಲುಗಿಗೆ ವ್ಯಾಕರಣ ಬರೆದ ವಿದ್ವಾಂಸ ಈತ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಲೆಕ್ಕ ಕೇಳಿದಾಗ, ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳುಹಿಸಿದ. ಜಿಲ್ಲೆಯಲ್ಲಿ ಆಗ ಒಟ್ಟು 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಈ ಅಷ್ಟೂ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲವೆಂಬುದನ್ನು ಆತ ನಾಚಿಕೆಯಿಂದಲೇ ಒಪ್ಪಿಕೊಂಡಿದ್ದಾನೆ.

ಹಾಗಾದರೆ ಅವನ್ನು ನಡೆಸುತ್ತಿದ್ದವರು ಯಾರು? ಉತ್ತರವು ನಮ್ಮ ಭಾಷೆಯಲ್ಲೇ ಅಡಗಿದೆ. ಇಂಥ ಶಾಲೆಗೆ ಕನ್ನಡ ಜನ ಕೊಟ್ಟ ಹೆಸರು ‘ಕೂಲಿಮಠ’. ಕೂಲಿ ಪಡೆದು ಅಕ್ಷರ ಕಲಿಸುವ ಮಠ. ಆ ಕೂಲಿಯನ್ನು ಕೊಡುತ್ತಿದ್ದವರು ಹೆತ್ತವರು, ಹಣದಲ್ಲಿ ಅಥವಾ ಧಾನ್ಯದಲ್ಲಿ. ಕೊಟ್ಟವರು ಸುಮ್ಮನಿರುವುದುಂಟೆ? ಮಗ ಏನು ಕಲಿತನೆಂದು ಐಗಳನ್ನು ಕೇಳಿಯೇ ಕೇಳುತ್ತಿದ್ದರು. ಕರಾವಳಿಯ ಹೂವಿನಕೋಲನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಮಹಾನವಮಿಯ ದಿನಗಳಲ್ಲಿ ಐಗಳು ಹುಡುಗರ ಕೈಗೆ ಹೂವಿನ ಕೋಲು ಕೊಟ್ಟು ಮನೆಮನೆಗೆ ಕರೆದೊಯ್ಯುತ್ತಿದ್ದರು. ಹುಡುಗರು ಹಾಡಿ, ಅರ್ಥ ಹೇಳಿ, ಮನೆಯವರನ್ನು ಹರಸುತ್ತಿದ್ದರು. ಐಗಳಿಗೆ ಅದು ಕಾಣಿಕೆಯ ಕಾಲ. ಹೆತ್ತವರಿಗೆ ತಮ್ಮ ಜಗಲಿಯಲ್ಲೇ ನಡೆಯುವ ಬಹಿರಂಗ ಪರೀಕ್ಷೆ.

ಆದರೆ ಹಳೆಯದೆಲ್ಲವೂ ಹೊನ್ನಲ್ಲ. ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60. ಕೂಲಿ ಕೊಡಲಾರದವನ ಮಗುವಿಗೆ ಮಠದಲ್ಲಿ ಎಡೆಯಿರಲಿಲ್ಲ. ಕ್ಯಾಂಪ್‌ಬೆಲ್ಲನ ವರದಿಯಲ್ಲಿ ಮನಸ್ಸನ್ನು ಕಲಕುವ ಭಾಗವೂ ಇದೇ. ಮೊದಲು ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲ ಎನ್ನುತ್ತಾನೆ ಆತ. ವಿಲಾಯಿತಿಯ ಬಟ್ಟೆ ಬಂದು ಇಲ್ಲಿನ ನೇಯ್ಗೆಯವರ ಬದುಕು ಮುರಿದಿತ್ತು. ನಾಡಿನ ಹಣ ಹೊರಗೆ ಹರಿದಿತ್ತು. ಮಧ್ಯಮ ಹಾಗೂ ಕೆಳವರ್ಗದ ಜನ ಓದಿನ ವೆಚ್ಚವನ್ನು ಭರಿಸಲಾರದೆ, ಎಳೆಯ ಕೈಗಳು ಸಣ್ಣ ಕೆಲಸಕ್ಕೆ ಒದಗಿದೊಡನೆ ಮಕ್ಕಳನ್ನು ದುಡಿಮೆಗೆ ಎಳೆದುಕೊಳ್ಳುತ್ತಿದ್ದರು. ಹೆತ್ತವರ ಮಡಿಲು ಬರಿದಾದಾಗ ಮಠದ ಬಾಗಿಲೂ ಮುಚ್ಚಿತು.

ಮುಂದೆ ಸರ್ಕಾರವು ಈ ಭಾರವನ್ನು ತಾನು ಹೊತ್ತುದು ದೊಡ್ಡ ಉಪಕಾರ. ಮೈಸೂರು ಸಂಸ್ಥಾನವು 1913ರ ಕಾಯಿದೆಯಿಂದ ಆಯ್ದ ಸ್ಥಳಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ತೊಡಗಿತು. ಉಪಾಧ್ಯಾಯರಿಗೆ ಸಂಬಳ ಬಂದಿತು, ಬಡವನ ಮಗುವಿಗೆ ಮಣೆ ದೊರೆಯಿತು. ಆದರೆ ಕೂಲಿಯ ಜೊತೆಗೇ ಹೆತ್ತವರ ಕೇಳುವ ಅಧಿಕಾರವೂ ಕೈಬಿಟ್ಟಿತು. ಸಂಬಳ ಮೇಲಿನಿಂದ ಬಂದಂತೆ ಉಪಾಧ್ಯಾಯರ ಕಣ್ಣು ಇನ್‌ಸ್ಪೆಕ್ಟರರ ಕಡೆಗೆ ತಿರುಗಿತು; ತಂದೆತಾಯಿಗಳು ಶಾಲೆಗೆ ಪರಕೀಯರಾದರು. ಮಗನ ಹಾಜರಾತಿಯನ್ನು ವಿಚಾರಿಸಲು ನಮ್ಮ ಕಾಲೇಜಿಗೆ ಬರುವ ಹಳ್ಳಿಯ ತಂದೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುವುದನ್ನು ನಾನು ಕಂಡಿದ್ದೇನೆ. ಅದು ಭಕ್ತಿಯೋ ಅಳುಕೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಕಳೆದುಹೋದ ಆ ಅಧಿಕಾರವನ್ನು ಮರಳಿ ಕೊಡುವ ಯತ್ನವೂ ನಡೆದಿದೆ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಹಿನ್ನೆಲೆಯಲ್ಲಿ, 2001ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯಿದೆಯು ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳೂ, ಅರ್ಧದಷ್ಟು ಮಹಿಳೆಯರೂ ಇರಬೇಕೆಂದಿತು. ಬಳ್ಳಾರಿಯ ಆ 60 ಬಾಲೆಯರನ್ನು ನೆನೆದರೆ ಇದೇನು ಸಣ್ಣ ಮಾತಲ್ಲ. ಹೆತ್ತವರಿಗೆ ಕೇಳುವ ಹಕ್ಕು ಈಗ ಅಳೆದುಕೊಟ್ಟ ಧಾನ್ಯದಿಂದ ಬಂದುದಲ್ಲ, ಹೆತ್ತವರೆಂಬ ಕಾರಣದಿಂದಲೇ ಬಂದುದು. ನೆರವು ಪಡೆಯದ ಖಾಸಗಿ ಶಾಲೆಗಳಿಗೆ ಕಾಯಿದೆಯ ಈ ವಿಧಿ ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ಪಟ್ಟಣದ ವಾಚಕರು ಗಮನಿಸಬೇಕು. ಅಲ್ಲಿ ನಾವು ಕೂಲಿಮಠದ ಕಾಲದವರಂತೆಯೇ ಕೊಡುತ್ತೇವೆ, ಅವರಿಗಿಂತ ಬಹಳ ಹೆಚ್ಚಾಗಿಯೇ ಕೊಡುತ್ತೇವೆ. ಆದರೆ ಅಲ್ಲಿಂದ ಯಾರೂ ನಮ್ಮ ಜಗಲಿಗೆ ಬರುವುದಿಲ್ಲ.

ಇನ್ನು ಸರ್ಕಾರಿ ಶಾಲೆಯ ಸಮಿತಿಯಲ್ಲಿ ಕುಳಿತ ಆ ತಾಯಿಯ ಮಾತು. ಕಾಯಿದೆ ಆಕೆಗೆ ಕುರ್ಚಿ ಕೊಟ್ಟಿದೆ. ಸಭೆಯನ್ನು ಬೆಳಗ್ಗೆ ಹನ್ನೊಂದು ಗಂಟೆಗೆ ಕರೆದರೆ ಆಕೆ ಅಂದಿನ ಕೂಲಿಯನ್ನು ಕಳೆದುಕೊಂಡು ಬರಬೇಕು. ಹಿಂದೆ ಐಗಳಿಗೆ ಕೂಲಿ ಕೊಟ್ಟವರು ಮಾತಾಡುತ್ತಿದ್ದರು. ಇಂದು ಮಾತಾಡಬೇಕಾದರೆ ಆಕೆ ತನ್ನ ಕೂಲಿಯನ್ನೇ ಬಿಡಬೇಕು. ಸಭೆಯನ್ನು ಸಂಜೆಗೆ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾಯಿದೆ ಬೇಕಾಗಿಲ್ಲ.