ಸಂಖ್ಯಾಶಾಸ್ತ್ರ ಕಲಿಕೆಗೆ ಮಲಪ್ರಭಾ ಸೀಮೆಯ ಅಂಕಿ-ಅಂಶ

ಸಂಖ್ಯಾಶಾಸ್ತ್ರದ ಆರಂಭಿಕ ಪಾಠಗಳಿಗೆ ಜಗತ್ತಿನಾದ್ಯಂತ ಬಳಕೆಯಾಗುವ ದತ್ತಾಂಶಗಳು ಬೆರಳೆಣಿಕೆಯಷ್ಟು. ಎಡ್ಗರ್ ಆ್ಯಂಡರ್ಸನ್ ಸಂಗ್ರಹಿಸಿ, ರೊನಾಲ್ಡ್ ಫಿಶರ್ 1936ರಲ್ಲಿ ಬಳಸಿದ 150 ಐರಿಸ್ ಹೂವುಗಳ ಅಳತೆ, 1974ರ ಅಮೆರಿಕದ ಮೋಟಾರು ಪತ್ರಿಕೆಯೊಂದರಿಂದ ಆಯ್ದ 32 ಕಾರುಗಳ ವಿವರ, 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ ಇವುಗಳಲ್ಲಿ ಪ್ರಮುಖವಾದವು. ವಿಧಾನ ಕಲಿಸಲು ಇವು ಸಾಕು. ಆದರೆ ಐರಿಸ್ ಹೂವನ್ನೇ ಕಾಣದ ವಿದ್ಯಾರ್ಥಿಗೆ ತನ್ನ ಉತ್ತರವನ್ನು ಅನುಭವದೊಂದಿಗೆ ತಾಳೆ ನೋಡುವ ಅವಕಾಶವಿಲ್ಲ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕ ಅಂಕಿ-ಅಂಶಗಳು ಈ ಕೊರತೆಯನ್ನು ನೀಗಿಸಬಲ್ಲವು.

ಮಾರುಕಟ್ಟೆ ಧಾರಣೆ

ಕೃಷಿ ಉತ್ಪನ್ನ ಮಾರುಕಟ್ಟೆಗಳ ದೈನಂದಿನ ವರದಿಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆಗಳಿರುತ್ತವೆ. ಮಾದರಿ ಬೆಲೆಯೆಂದರೆ ಹೆಚ್ಚಿನ ಸರಕು ಮಾರಾಟವಾದ ಬೆಲೆ. ಪಠ್ಯಪುಸ್ತಕ ಹೇಳುವ ಬಹುಲಕವೇ ಇದು. ಒಂದು ದಿನ 90 ಕ್ವಿಂಟಲ್ ಹತ್ತಿ 7,000 ರೂಪಾಯಿಗೆ, 10 ಕ್ವಿಂಟಲ್ 8,000 ರೂಪಾಯಿಗೆ ಮಾರಾಟವಾಯಿತೆಂದು ಭಾವಿಸೋಣ. ಕನಿಷ್ಠ ಮತ್ತು ಗರಿಷ್ಠಗಳ ನಡುವಿನ ಬೆಲೆ 7,500. ತೂಕವನ್ನು ಲೆಕ್ಕಕ್ಕೆ ಹಿಡಿದ ಸರಾಸರಿ 7,100. ಬಹುಲಕ 7,000 ರೂಪಾಯಿ. ಯಾವ ಸಂಖ್ಯೆಯನ್ನು ನಂಬಿ ರೈತ ಬಂಡಿ ಹೂಡಬೇಕು ಎಂಬ ಪ್ರಶ್ನೆಯಲ್ಲೇ ಮೂರು ಅಳತೆಗಳ ವ್ಯತ್ಯಾಸ ಅಡಗಿದೆ. ರಜಾದಿನದ ಖಾಲಿ ಮನೆಯನ್ನು ಸೊನ್ನೆಯೆಂದು ಬರೆಯಬಾರದೆಂಬ ಪಾಠವೂ ಇಲ್ಲಿಯೇ ದೊರೆಯುತ್ತದೆ.

ಜಲಾಶಯದ ಮಟ್ಟ

ಸವದತ್ತಿ ಸಮೀಪದ ನವಿಲುತೀರ್ಥ ಅಣೆಕಟ್ಟಿನಿಂದ ನಿರ್ಮಾಣವಾದ ರೇಣುಕಾ ಸಾಗರದ ಗರಿಷ್ಠ ಮಟ್ಟ 2,079.50 ಅಡಿ, ಸಾಮರ್ಥ್ಯ ಸುಮಾರು 37.73 ಟಿಎಂಸಿ ಅಡಿ. ಮಟ್ಟ ಮತ್ತು ಸಂಗ್ರಹಗಳ ನಕ್ಷೆ ಬರೆದರೆ ಸರಳ ರೇಖೆ ದೊರೆಯದು. ಮೇಲೇರಿದಂತೆ ಜಲಾಶಯ ಅಗಲವಾಗುವುದರಿಂದ ತಳದ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ಹೆಚ್ಚು ನೀರು ನಿಲ್ಲುತ್ತದೆ.

ಮಳೆ ಮತ್ತು ಸರಾಸರಿ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಸಹ್ಯಾದ್ರಿಯ ಧಾರಾಕಾರ ಮಳೆ. ರಾಮದುರ್ಗದಲ್ಲಿ ಬಯಲುಸೀಮೆಯ ಕೊರತೆ. ಇವೆರಡನ್ನೂ ಕೂಡಿಸಿದ ಜಿಲ್ಲಾ ಸರಾಸರಿಯು ಎರಡೂ ಕಡೆಯ ನಿಜವನ್ನು ಹೇಳದು. ಬರವನ್ನು ತಾಲ್ಲೂಕುವಾರು ಘೋಷಿಸುವುದಕ್ಕೆ ಇದೂ ಒಂದು ಕಾರಣ; 2023ರ ಸೆಪ್ಟೆಂಬರ್‌ನಲ್ಲಿ ರಾಜ್ಯವು ಮೊದಲ ಹಂತದಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. ಇದಕ್ಕೆ ವಿರುದ್ಧವಾದ ಪಾಠವನ್ನು 2019ರ ಆಗಸ್ಟ್ ನೀಡುತ್ತದೆ. ಆಗ ರಾಮದುರ್ಗ ತಾಲ್ಲೂಕಿನ ನದಿತೀರಕ್ಕೆ ನೆರೆ ತಂದದ್ದು ಮೇಲ್ಭಾಗದಿಂದ ಹರಿದುಬಂದ ನೀರು. ಸ್ಥಳೀಯ ಮಳೆಯೊಂದಿಗೆ ಮಾತ್ರ ಸಹಸಂಬಂಧ ಹುಡುಕಿದರೆ ನೆರೆಯ ಕಾರಣ ತಿಳಿಯದು.

ಜನಗಣತಿ

ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 42,14,505, 2011ರಲ್ಲಿ 47,79,661. ದಶಕದ ಬೆಳವಣಿಗೆ ಶೇ 13.41. ಜಿಲ್ಲೆಯ ಮಟ್ಟದಲ್ಲಿ ಈ ಲೆಕ್ಕ ಸುಲಭ, ತಾಲ್ಲೂಕು ಮಟ್ಟದಲ್ಲಿ ಎಚ್ಚರಿಕೆ ಅಗತ್ಯ. 2011ರ ಗಣತಿಯಲ್ಲಿ ಕಿತ್ತೂರು ಪಟ್ಟಣವು ಬೈಲಹೊಂಗಲ ತಾಲ್ಲೂಕಿನ ಲೆಕ್ಕದಲ್ಲಿದೆ. ಅನಂತರ ಕಿತ್ತೂರು ಪ್ರತ್ಯೇಕ ತಾಲ್ಲೂಕಾಯಿತು. ಸವದತ್ತಿಯಿಂದ ಯರಗಟ್ಟಿ ಬೇರ್ಪಟ್ಟಿತು. 2021ರ ಗಣತಿ ನಡೆಯಲಿಲ್ಲ. ಮುಂದಿನ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1 ಎಂದು ಅಧಿಸೂಚಿಸಲಾಗಿದೆ. ಆ ಅಂಕಿಗಳನ್ನು 2011ರೊಂದಿಗೆ ನೇರವಾಗಿ ಹೋಲಿಸಿದರೆ ಬೈಲಹೊಂಗಲದ ಜನ ಊರು ಬಿಟ್ಟರೆಂಬ ತಪ್ಪು ತೀರ್ಮಾನಕ್ಕೆ ಬರಬಹುದು. ಬದಲಾದದ್ದು ಗಡಿರೇಖೆ, ಹೋಲಿಕೆಗೆ ಗ್ರಾಮವಾರು ಪಟ್ಟಿಯನ್ನೇ ಆಧರಿಸಬೇಕು.

ಬೋಧಕರು ಗಮನಿಸಬೇಕಾದದ್ದು

ಒಂದು ಬೆಳೆ, ಒಂದು ಮಾರುಕಟ್ಟೆ, ಒಂದು ತಿಂಗಳ ಧಾರಣೆಯಿಂದ ಆರಂಭಿಸುವುದು ಸೂಕ್ತ. ಪ್ರತಿ ಕೋಷ್ಟಕದ ಮೇಲೆ ಅಳತೆಯ ಮಾನ, ದಿನಾಂಕ ಮತ್ತು ಮಾಹಿತಿ ನೀಡಿದ ಇಲಾಖೆಯ ಹೆಸರನ್ನು ಬರೆಸಬೇಕು. ಸೂತ್ರ ಹಾಕುವ ಮೊದಲು ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳು ಮೂರು: ಈ ಅಂಕಿ ಯಾರದು, ಯಾವ ಗಡಿಯೊಳಗಿನದು, ಇದರಲ್ಲಿ ಬಿಟ್ಟುಹೋದದ್ದು ಯಾವುದು?