ಯಂತ್ರದ ಭಾಷೆ, ದುಡಿಯುವವರ ಭಾಷೆ

ಹೊಸ ಯಂತ್ರವು ಮೇಜಿನ ಮೇಲೆ ಬಂದು ಕೂತ ಮೇಲೆ ಅದರ ಸಮಾಚಾರವನ್ನು ಕೆಲಸಗಾರರಿಗೆ ತಿಳಿಸುವುದು ಲೋಕದ ರೂಢಿ. ಈ ರೂಢಿಯನ್ನು ತಿರುಗಿಸಲು ಹೊರಟ ಒಂದು ಪ್ರಯತ್ನದ ಇತಿಹಾಸವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾರ್ವೆ ದೇಶದ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘವು 1970ರಲ್ಲಿ ಒಂದು ನಿರ್ಧಾರವನ್ನು ಕೈಗೊಂಡಿತು. ಕಾರ್ಖಾನೆಗಳಿಗೆ ಬರುತ್ತಿರುವ ಗಣಕಯಂತ್ರಗಳನ್ನು ಕಾರ್ಮಿಕರ ದೃಷ್ಟಿಯಿಂದ ಅಭ್ಯಾಸ ಮಾಡಬೇಕೆಂಬುದೇ ಆ ನಿರ್ಧಾರ. ಈ ಕೆಲಸದ ಮುಂದಾಳು ಕ್ರಿಸ್ಟನ್ ನೈಗೋರ್. ಅವರು 1960ರ ದಶಕದಲ್ಲಿ ಓಲೆ-ಯೋಹಾನ್ ಡಾಲ್ ಅವರೊಡನೆ ‘ಸಿಮುಲಾ’ ಎಂಬ ಗಣಕಭಾಷೆಯನ್ನು ನಿರ್ಮಿಸಿದ ವಿದ್ವಾಂಸರು. ತಮ್ಮ ವಿದ್ಯೆಯು ಆಡಳಿತದವರ ಕೈಯಲ್ಲಿ ಕಾರ್ಮಿಕರನ್ನು ಹಿಡಿತದಲ್ಲಿಡುವ ಸಾಧನವಾದೀತೆಂಬ ಚಿಂತೆ ಅವರನ್ನು ಕಾಡುತ್ತಿತ್ತು.

ಮೊದಲು ಪಂಡಿತರು ಎಂದಿನಂತೆ ವರದಿಗಳ ಕಡೆಗೇ ತಿರುಗಿದರು. ಆದರೆ ಕಪಾಟಿನ ವರದಿಯಿಂದ ಕಾರ್ಖಾನೆಯ ಕಾರ್ಮಿಕನಿಗೆ ಆಗುವುದೇನು? ಆದುದರಿಂದ ಅವರು ಮಾರ್ಗ ಬದಲಿಸಿದರು. ಸ್ಥಳೀಯ ಸಂಘಗಳು ಕಲಿತು, ಚರ್ಚಿಸಿ, ತಾವೇ ಏನನ್ನು ಮಾಡುತ್ತವೆಯೋ ಅದೇ ಸಂಶೋಧನೆಯ ಫಲವೆಂದು ಸಾರಿದರು. ಕಾರ್ಮಿಕರಿಗಾಗಿ ಪಠ್ಯಪುಸ್ತಕಗಳು ಸಿದ್ಧವಾದವು. ಕಾರ್ಖಾನೆಗಳಲ್ಲಿ ಅಭ್ಯಾಸ ಮಂಡಲಗಳು ಸೇರಿದವು.

ಇದರ ಫಲ ಬೇಗನೆ ಕಂಡಿತು. 1975ರಲ್ಲಿ ನಾರ್ವೆಯ ಕಾರ್ಮಿಕರ ಮಹಾಸಂಘಕ್ಕೂ ಮಾಲಿಕರ ಸಂಘಕ್ಕೂ ರಾಷ್ಟ್ರಮಟ್ಟದ ಒಪ್ಪಂದವಾಯಿತು. ಗಣಕಯಂತ್ರದ ವಿಷಯವನ್ನು ನೋಡಿಕೊಳ್ಳಲು ಕಾರ್ಮಿಕರು ತಮ್ಮದೇ ಪ್ರತಿನಿಧಿಯನ್ನು ಆರಿಸಬಹುದಾಯಿತು. ವಿಶೇಷ ಶಿಕ್ಷಣವಿಲ್ಲದವರಿಗೂ ತಿಳಿಯುವಂಥ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂಬ ಷರತ್ತೂ ಅದರಲ್ಲಿತ್ತು. ನನ್ನ ಮಟ್ಟಿಗೆ ಇಡೀ ಒಪ್ಪಂದದ ಜೀವಾಳವೇ ಈ ಷರತ್ತು. ತಿಳಿಯದ ಮಾತಿನಲ್ಲಿ ಕೇಳಿದ ಸಲಹೆ ಸಲಹೆಯೇ ಅಲ್ಲ. ಅದು ಬರಿಯ ರುಜು ಹಾಕಿಸುವ ಉಪಾಯ.

1981ರಿಂದ 1985ರ ವರೆಗೆ ನಾರ್ಡಿಕ್ ದೇಶಗಳ ಮುದ್ರಣ ಕಾರ್ಮಿಕರು ‘ಯುಟೋಪಿಯಾ’ ಎಂಬ ಯೋಜನೆಯಲ್ಲಿ ಇನ್ನೂ ಮುಂದೆ ಹೋದರು. ಪತ್ರಿಕೆಯ ಪುಟ ಜೋಡಿಸುವ ಯಂತ್ರ ಹೇಗಿರಬೇಕೆಂದು ವಿದ್ವಾಂಸರ ಜೊತೆ ಕೂತು ತಾವೇ ಯೋಚಿಸಿದರು. ವಿದ್ವಾಂಸರ ನಕ್ಷೆಗಳು ಅವರಿಗೆ ಅರ್ಥವಾಗಲಿಲ್ಲ. ಆಗ ರಟ್ಟು, ಕಾಗದ, ಹಲಗೆಗಳಿಂದ ಯಂತ್ರದ ಅಣಕು ಕಟ್ಟಿ, ಅದರ ಮುಂದೆ ಕೂತು ಕೆಲಸ ಮಾಡಿ ನೋಡಿದರು. ಎಲ್ಲಿ ತೊಡಕೆಂಬುದು ಕೈಗೇ ತಿಳಿಯಿತು. ಅದರಿಂದ ಹುಟ್ಟಿದ ಯಂತ್ರವ್ಯವಸ್ಥೆ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೂ ಬಳಸುವವರನ್ನು ಕೂಡಿಸಿಕೊಂಡು ರಚಿಸುವ ಆ ಪದ್ಧತಿ ಇಂದು ಅನೇಕ ದೇಶಗಳಲ್ಲಿ ಪಾಠವಾಗಿದೆ.

ನಮ್ಮ ದೇಶದ ಬ್ಯಾಂಕುಗಳಲ್ಲೂ 1983ರಲ್ಲಿ ನೌಕರರ ಸಂಘಗಳಿಗೂ ಬ್ಯಾಂಕುಗಳ ಸಂಘಕ್ಕೂ ಯಂತ್ರೀಕರಣದ ಒಪ್ಪಂದವಾಯಿತು. ರಂಗರಾಜನ್ ಸಮಿತಿಯ ವರದಿ 1984ರಲ್ಲಿ ಬಂದಿತು. ಲೆಡ್ಜರು ಹೊತ್ತ ನಮ್ಮ ಹಿರಿಯರ ಕೆಲಸವನ್ನು ಉಳಿಸಲು ಸಂಘಗಳು ಪಟ್ಟ ಶ್ರಮ ಸಣ್ಣದಲ್ಲ. ಆದರೆ ಮಾತುಕತೆ ಹೆಚ್ಚಾಗಿ ಎಷ್ಟು ಯಂತ್ರ, ಎಲ್ಲಿ, ಯಾವ ಭತ್ಯೆ ಎಂಬುದರ ಸುತ್ತ ನಡೆಯಿತು. ಯಂತ್ರ ಹೇಗಿರಬೇಕೆಂಬ ಪ್ರಶ್ನೆ ಹಿಂದೆ ಉಳಿಯಿತು. ಕೌಂಟರಿನ ಹಿಂದೆ ಕೂತವರಿಗೆ ಯಾವ ಗಿರಾಕಿ ಎಲ್ಲಿ ತಡವರಿಸುತ್ತಾರೆಂದು ಗೊತ್ತು. ಆ ತಿಳಿವಳಿಕೆ ಗಣಕದ ತೆರೆಯನ್ನು ರಚಿಸುವವರಿಗೆ ಮುಟ್ಟದೆ ಹೋದರೆ ನಷ್ಟ ಗುಮಾಸ್ತರಿಗೂ ಗಿರಾಕಿಗೂ ಸಮಾನ.

ಈ ಮುಂಬಯಿಯಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದ ನಮ್ಮ ಹುಡುಗರಿಗೆ ಕನ್ನಡ ರಾತ್ರಿ ಶಾಲೆಗಳು ಅಕ್ಷರ ಕಲಿಸಿದವು. ಅವರವರ ಮಾತಿನಲ್ಲಿ ಕಲಿಸಿದರೆ ದುಡಿಯುವವರ ದನಿ ಹೇಗೆ ಏಳುತ್ತದೆಂಬುದನ್ನು ನಾವು ನಾರ್ವೆಯಿಂದ ಕಲಿಯಬೇಕಾಗಿಲ್ಲ. ಇಂದಿನ ಅಕ್ಷರ ಗಣಕದ ತೆರೆಯ ಮೇಲಿದೆ. ಸಂಘದ ಕೊಠಡಿಯಲ್ಲಿ ವಾರಕ್ಕೊಂದು ಸಂಜೆ ಅದನ್ನೂ ಕನ್ನಡದಲ್ಲಿ ಬಿಡಿಸಿ ಹೇಳುವ ಏರ್ಪಾಡಾದರೆ, ಈ ರಾಜ್ಯೋತ್ಸವವು ವರ್ಷವಿಡೀ ನಡೆದಂತಾಗುವುದು.