ಗಿಟಾರ್ ಆಂಪ್ಲಿಫೈಯರ್ ಅಭಿರುಚಿಯ ಇತಿಹಾಸ

ಗಿಟಾರ್ ಆಂಪ್ಲಿಫೈಯರ್ ಎಂಬುದು ಎಲೆಕ್ಟ್ರಿಕ್ ಗಿಟಾರಿನ ಪಿಕಪ್‌ನಿಂದ ಹೊರಡುವ ದುರ್ಬಲ ವಿದ್ಯುತ್ ಸಂಕೇತವನ್ನು ವರ್ಧಿಸಿ, ಸ್ಪೀಕರಿನ ಮೂಲಕ ಕೇಳಿಸುವಂತೆ ಮಾಡುವ ಸಾಧನ. ಮನೆಯ ಸಂಗೀತ ಉಪಕರಣಗಳ ಆಂಪ್ಲಿಫೈಯರ್ ಮೂಲ ಧ್ವನಿಯನ್ನು ಬದಲಿಸದೆ ದೊಡ್ಡದು ಮಾಡಬೇಕೆಂದು ನಿರೀಕ್ಷಿಸಲಾಗುತ್ತದೆ. ಗಿಟಾರ್ ಆಂಪ್ಲಿಫೈಯರ್ ಇದಕ್ಕೆ ಭಿನ್ನವಾದುದು. ಅದು ನಾದದ ಬಣ್ಣವನ್ನೇ ಬದಲಿಸುತ್ತದೆ. ಆದ್ದರಿಂದ ವಾದಕರು ಅದನ್ನು ವಾದ್ಯದ ಒಂದು ಭಾಗವೆಂದೇ ಪರಿಗಣಿಸುತ್ತಾರೆ.

ಯಾವ ಆಂಪ್ಲಿಫೈಯರ್ ಉತ್ತಮ ಎಂಬ ಬಗ್ಗೆ ವಾದಕರ ಅಭಿಪ್ರಾಯ 1930ರ ದಶಕದಿಂದ ಹಲವು ಬಾರಿ ಬದಲಾಗಿದೆ. ಆರಂಭದಲ್ಲಿ ಸ್ವಚ್ಛ ನಾದಕ್ಕೆ ಬೆಲೆಯಿತ್ತು. ಬಳಿಕ ಒಡೆದ, ಗಡಸು ನಾದವೇ ಆದರ್ಶವಾಯಿತು. ಮುಂದೆ ಹಳೆಯ ಮಾದರಿಗಳಿಗೆ ಬೇಡಿಕೆ ಮರಳಿತು. 21ನೆಯ ಶತಮಾನದಲ್ಲಿ ಡಿಜಿಟಲ್ ಸಾಧನಗಳು ಅದೇ ಹಳೆಯ ನಾದಗಳನ್ನು ಅನುಕರಿಸತೊಡಗಿದವು. ಈ ಬದಲಾವಣೆಗಳ ಹಿಂದೆ ಸಂಗೀತ ಶೈಲಿಗಳ ಜೊತೆಗೆ ತಂತ್ರಜ್ಞಾನ, ಸಭಾಂಗಣಗಳ ಗಾತ್ರ, ಸಾಗಣೆಯ ಭಾರ ಮತ್ತು ವಾದಕರ ಶ್ರವಣಶಕ್ತಿಯ ಪ್ರಶ್ನೆಗಳೂ ಇವೆ.

ಕಾರ್ಯವಿಧಾನ

ಸಾಂಪ್ರದಾಯಿಕ ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಎರಡು ಹಂತಗಳಿರುತ್ತವೆ. ಪ್ರೀಆಂಪ್ ಹಂತವು ಸಂಕೇತವನ್ನು ಮೊದಲು ವರ್ಧಿಸಿ, ಅದರ ಮಂದ್ರ ಮತ್ತು ತಾರ ಅಂಶಗಳನ್ನು ಹೊಂದಿಸುತ್ತದೆ. ಪವರ್ ಆಂಪ್ ಹಂತವು ಸ್ಪೀಕರನ್ನು ಚಾಲನೆಗೊಳಿಸುವಷ್ಟು ಶಕ್ತಿಯನ್ನು ಒದಗಿಸುತ್ತದೆ. ಹಳೆಯ ಮಾದರಿಗಳಲ್ಲಿ ಈ ಕೆಲಸವನ್ನು ವಾಲ್ವ್ ಅಥವಾ ನಿರ್ವಾತ ನಳಿಕೆಗಳು ಮಾಡುತ್ತಿದ್ದವು.

ವಾಲ್ವ್‌ನ ಸಾಮರ್ಥ್ಯವನ್ನು ಮೀರಿದ ಸಂಕೇತ ಬಂದಾಗ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಇದರಿಂದ ಮೂಲ ಸ್ವರದಲ್ಲಿ ಇಲ್ಲದ ಹಾರ್ಮೋನಿಕ್‌ಗಳು ಹುಟ್ಟಿ, ನಾದವು ದಟ್ಟವೂ ಗಡಸೂ ಆಗುತ್ತದೆ. ವಾಲ್ವ್‌ಗಳಲ್ಲಿ ಸಾಮಾನ್ಯವಾಗಿ ಈ ಕ್ರಿಯೆ ಕ್ರಮೇಣ ನಡೆಯುವುದರಿಂದ, ವಾದಕನು ಮೆಲ್ಲಗೆ ಮೀಟಿದರೆ ಸ್ವಚ್ಛ ನಾದವೂ ಬಲವಾಗಿ ಮೀಟಿದರೆ ಒಡೆದ ನಾದವೂ ಬರುತ್ತದೆ. ಆರಂಭಿಕ ಟ್ರಾನ್ಸಿಸ್ಟರ್ ಮಂಡಲಗಳಲ್ಲಿ ಕ್ಲಿಪ್ಪಿಂಗ್ ಥಟ್ಟನೆ ಸಂಭವಿಸುತ್ತಿದ್ದುದರಿಂದ ನಾದವು ಕರ್ಕಶವೆನಿಸುತ್ತಿತ್ತು.

ಆರಂಭಿಕ ಕಾಲ

1930ರ ದಶಕದ ನೃತ್ಯ ವಾದ್ಯವೃಂದಗಳಲ್ಲಿ ಹಿತ್ತಾಳೆಯ ವಾದ್ಯಗಳ ನಡುವೆ ಗಿಟಾರ್ ಕೇಳಿಸುತ್ತಿರಲಿಲ್ಲ. ಈ ಕೊರತೆಯೇ ಎಲೆಕ್ಟ್ರಿಕ್ ಗಿಟಾರ್ ಮತ್ತು ಆಂಪ್ಲಿಫೈಯರ್‌ಗಳ ಹುಟ್ಟಿಗೆ ಕಾರಣವಾಯಿತು. ಗಿಬ್ಸನ್ ಸಂಸ್ಥೆ 1936ರಲ್ಲಿ ಇಎಸ್-150 ಗಿಟಾರನ್ನು ಹೊರತಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್, ಈ ಗಿಟಾರನ್ನು ಆಂಪ್ಲಿಫೈಯರ್ ಮೂಲಕ ನುಡಿಸಿ, ಸ್ಯಾಕ್ಸೊಫೋನಿನಂತೆ ಗಿಟಾರ್ ಕೂಡ ಏಕವಾದನ ಮಾಡಬಲ್ಲದೆಂದು ತೋರಿಸಿದರು. ಆ ಕಾಲದ ಆದರ್ಶ ಸರಳವಾಗಿತ್ತು: ನಾದ ಕೇಳಿಸಬೇಕು, ಆದರೆ ಒಡೆಯಬಾರದು.

ಲಿಯೋ ಫೆಂಡರ್ 1946ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದರು. ಅವರ 1950ರ ದಶಕದ ಆಂಪ್ಲಿಫೈಯರ್‌ಗಳು ಹೊದಿಕೆಯ ಬಟ್ಟೆಯಿಂದಾಗಿ 'ಟ್ವೀಡ್' ಎಂದು ಹೆಸರಾದವು. 1952ರಲ್ಲಿ ಬಾಸ್ ಗಿಟಾರಿಗಾಗಿ ಬಂದ ಬಾಸ್‌ಮನ್ ಮಾದರಿಯು ಮುಂದೆ 10 ಇಂಚಿನ ನಾಲ್ಕು ಸ್ಪೀಕರ್‌ಗಳ ರೂಪ ಪಡೆದು, ಗಿಟಾರ್ ವಾದಕರಿಗೇ ಹೆಚ್ಚು ಪ್ರಿಯವಾಯಿತು. 1963ರಲ್ಲಿ ಬಂದ ಟ್ವಿನ್ ರಿವರ್ಬ್, ಸ್ಪ್ರಿಂಗ್‌ಗಳ ಮೂಲಕ ಪ್ರತಿಧ್ವನಿಯನ್ನು ಸೇರಿಸುತ್ತಿತ್ತು. ಹೆಚ್ಚಿನ ಮಟ್ಟದಲ್ಲಿಯೂ ಒಡೆಯದ ಅದರ ನಾದವು ಇಂದಿಗೂ ಸ್ವಚ್ಛತೆಯ ಮಾನದಂಡವಾಗಿದೆ.

ದೋಷವು ಗುಣವಾದ ಬಗೆ

ಒಡೆದ ನಾದದ ಬಗೆಗಿನ ಒಲವು ಕಾರ್ಖಾನೆಗಳಲ್ಲಿ ಹುಟ್ಟಲಿಲ್ಲ. ಹಾಳಾದ ಉಪಕರಣಗಳಿಂದ ಬಂದ ಶಬ್ದವನ್ನು ವಾದಕರು ಮೆಚ್ಚಿಕೊಂಡದ್ದು ಇದಕ್ಕೆ ದಾರಿಯಾಯಿತು. 1951ರಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಅವರ ಸ್ಟುಡಿಯೋದಲ್ಲಿ 'ರಾಕೆಟ್ 88' ಹಾಡಿನ ಧ್ವನಿಮುದ್ರಣ ನಡೆಯಿತು. ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್ ಅವರ ಆಂಪ್ಲಿಫೈಯರ್ ಪ್ರಯಾಣದಲ್ಲಿ ಹಾನಿಗೊಂಡಿತ್ತು. ಸ್ಪೀಕರಿಗೆ ಕಾಗದ ತುರುಕಿ ಕೆಲಸ ಮುಂದುವರಿಸಲಾಯಿತು. ಆಗ ಬಂದ ಗುರುಗುಟ್ಟುವ ನಾದವು ಹಾಡಿನ ಆಕರ್ಷಣೆಯಾಯಿತು.

1958ರ 'ರಂಬಲ್' ವಾದ್ಯಕೃತಿಗಾಗಿ ಲಿಂಕ್ ರೇ ಉದ್ದೇಶಪೂರ್ವಕವಾಗಿ ಸ್ಪೀಕರಿನ ಶಂಕುವಿಗೆ ತೂತುಗಳನ್ನು ಮಾಡಿದರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಒಂದು ಸಣ್ಣ ಆಂಪ್ಲಿಫೈಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, 'ಯೂ ರಿಯಲಿ ಗಾಟ್ ಮಿ' ಹಾಡಿನ ನಾದವನ್ನು ಪಡೆದರು. ಹೀಗೆ ವಿನ್ಯಾಸಕರು ತಪ್ಪಿಸಲು ಯತ್ನಿಸುತ್ತಿದ್ದ ದೋಷವೇ ವಾದಕರು ಬೇಡುವ ಗುಣವಾಯಿತು.

ಬ್ರಿಟಿಷ್ ಆಂಪ್ಲಿಫೈಯರ್‌ಗಳು

1950ರ ದಶಕದ ಕೊನೆಯಲ್ಲಿ ಅಮೆರಿಕದ ಉಪಕರಣಗಳು ಬ್ರಿಟನ್ನಿನಲ್ಲಿ ದುಬಾರಿಯಾಗಿದ್ದವು. ಕೆಂಟ್ ಪ್ರಾಂತ್ಯದ ಡಾರ್ಟ್‌ಫರ್ಡ್‌ನಲ್ಲಿ ಟಾಮ್ ಜೆನ್ನಿಂಗ್ಸ್ ಅವರ ಸಂಸ್ಥೆಗಾಗಿ ಡಿಕ್ ಡೆನ್ನಿ ವೋಕ್ಸ್ ಎಸಿ15 ಮತ್ತು ಎಸಿ30 ಮಾದರಿಗಳನ್ನು ರೂಪಿಸಿದರು. 30 ವ್ಯಾಟ್‌ಗಳ ಎಸಿ30ಯ ಹೊಳಪಿನ ನಾದವು ಶ್ಯಾಡೋಸ್ ಮತ್ತು ಬೀಟಲ್ಸ್ ತಂಡಗಳ ಮೂಲಕ ಪ್ರಸಿದ್ಧವಾಯಿತು.

ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಡ್ರಮ್ ವಾದಕ ಜಿಮ್ ಮಾರ್ಷಲ್ 1962ರಲ್ಲಿ ಜೆಟಿಎಂ45 ಮಾದರಿಯನ್ನು ಹೊರತಂದರು. ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಇದರ ನಿರ್ಮಾಣದಲ್ಲಿ ಪ್ರಮುಖರಾಗಿದ್ದರು. ಅದರ ಮಂಡಲವು ಫೆಂಡರ್ ಬಾಸ್‌ಮನ್‌ನದನ್ನು ನಿಕಟವಾಗಿ ಅನುಸರಿಸಿತ್ತು. ಆದರೆ ಬ್ರಿಟನ್ನಿನಲ್ಲಿ ಸಿಗುತ್ತಿದ್ದ ಬಿಡಿಭಾಗಗಳು ಮತ್ತು 12 ಇಂಚಿನ ನಾಲ್ಕು ಸೆಲೆಶನ್ ಸ್ಪೀಕರ್‌ಗಳ, ಹಿಂಬದಿ ಮುಚ್ಚಿದ ಪೆಟ್ಟಿಗೆಯಿಂದಾಗಿ ನಾದವು ಬೇರೆಯೇ ಆಯಿತು. 1965ರಲ್ಲಿ ಹೂ ತಂಡದ ಪೀಟ್ ಟೌನ್‌ಶೆಂಡ್ ಮತ್ತು ಜಾನ್ ಎಂಟ್‌ವಿಸಲ್ ಹೆಚ್ಚಿನ ಶಕ್ತಿ ಬೇಕೆಂದು ಕೇಳಿದ್ದರಿಂದ 100 ವ್ಯಾಟ್‌ಗಳ ಮಾದರಿ ಸಿದ್ಧವಾಯಿತು. ಎಂಟು ಸ್ಪೀಕರ್‌ಗಳ ಒಂದೇ ಪೆಟ್ಟಿಗೆಯನ್ನು ಹೊರುವುದು ಕಷ್ಟವಾದ್ದರಿಂದ, ಅದನ್ನು ನಾಲ್ಕು ಸ್ಪೀಕರ್‌ಗಳ ಎರಡು ಪೆಟ್ಟಿಗೆಗಳಾಗಿ ವಿಭಜಿಸಿ ಒಂದರ ಮೇಲೊಂದು ಇಡಲಾಯಿತು. ಇದೇ 'ಮಾರ್ಷಲ್ ಸ್ಟ್ಯಾಕ್'. ಜಿಮಿ ಹೆಂಡ್ರಿಕ್ಸ್ ಅವರಿಂದಾಗಿ ಇದು ರಾಕ್ ವೇದಿಕೆಯ ಚಿಹ್ನೆಯಾಯಿತು.

ಅಂದಿನ ಸಾರ್ವಜನಿಕ ಧ್ವನಿವ್ಯವಸ್ಥೆಗಳು ಮುಖ್ಯವಾಗಿ ಗಾಯನಕ್ಕೆ ಮೀಸಲಾಗಿದ್ದವು. ಗಿಟಾರಿನ ಧ್ವನಿ ಸಭಾಂಗಣದ ಕೊನೆಯವರೆಗೆ ವೇದಿಕೆಯ ಆಂಪ್ಲಿಫೈಯರ್‌ನಿಂದಲೇ ತಲುಪಬೇಕಿತ್ತು. ದೊಡ್ಡ ಆಂಪ್ಲಿಫೈಯರ್‌ಗಳ ಮೋಹಕ್ಕೆ ಈ ವಾಸ್ತವಿಕ ಅಗತ್ಯವೂ ಕಾರಣವಾಗಿತ್ತು.

ಟ್ರಾನ್ಸಿಸ್ಟರ್ ಮತ್ತು ಅಧಿಕ ಗೇನ್

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳು ಹಗುರವೂ ಅಗ್ಗವೂ ಆಗಿದ್ದು, ವಾಲ್ವ್‌ಗಳನ್ನು ಮೂಲೆಗುಂಪು ಮಾಡುತ್ತವೆ ಎಂಬ ನಿರೀಕ್ಷೆ 1960ರ ದಶಕದಲ್ಲಿತ್ತು. ಫೆಂಡರ್ ಸಂಸ್ಥೆ 1966ರಲ್ಲಿ ತಂದ ಟ್ರಾನ್ಸಿಸ್ಟರ್ ಮಾದರಿಗಳು ಯಶಸ್ವಿಯಾಗಲಿಲ್ಲ. ಆದರೆ ಸ್ವಚ್ಛ ನಾದದ ಕ್ಷೇತ್ರದಲ್ಲಿ ಈ ತಂತ್ರಜ್ಞಾನ ನೆಲೆಯೂರಿತು. 1975ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆ ತಂದ ಜೆಸಿ-120 ಇದಕ್ಕೆ ಉತ್ತಮ ನಿದರ್ಶನ. ಬ್ಲೂಸ್ ವಾದಕ ಬಿ. ಬಿ. ಕಿಂಗ್ ಕೂಡ ಲ್ಯಾಬ್ ಸೀರೀಸ್ ಎಲ್5 ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು ಮೆಚ್ಚಿ ಬಳಸಿದರು.

ಇದೇ ಅವಧಿಯಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ಫೆಂಡರ್‌ನ ಸಣ್ಣ ಪ್ರಿನ್ಸ್‌ಟನ್ ಮಾದರಿಗೆ ಹೆಚ್ಚಿನ ಶಕ್ತಿ ತುಂಬಿ ಪರಿವರ್ತಿಸುತ್ತಿದ್ದರು. ಇದರಿಂದ ಮೆಸಾ ಬೂಗಿ ಸಂಸ್ಥೆ ಬೆಳೆಯಿತು. ಅವರು ಪ್ರೀಆಂಪ್‌ನಲ್ಲಿ ವರ್ಧನೆಯ ಹಂತಗಳನ್ನು ಒಂದರ ನಂತರ ಒಂದರಂತೆ ಜೋಡಿಸಿ, ಕೊನೆಯಲ್ಲಿ ಮಾಸ್ಟರ್ ವಾಲ್ಯೂಮ್ ಗುಂಡಿಯನ್ನಿಟ್ಟರು. ಇದರಿಂದ ಕಡಿಮೆ ಶಬ್ದಮಟ್ಟದಲ್ಲಿಯೂ ದೀರ್ಘವಾಗಿ ಉಳಿಯುವ ಒಡೆದ ನಾದ ಸಾಧ್ಯವಾಯಿತು. ಕಾರ್ಲೋಸ್ ಸಂಟಾನಾ ಇದರ ಆರಂಭಿಕ ಬಳಕೆದಾರರು. 1981ರ ಮಾರ್ಷಲ್ ಜೆಸಿಎಂ800 ಮತ್ತು 1990ರ ದಶಕದ ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್ ಹೆವಿ ಮೆಟಲ್ ಶೈಲಿಗೆ ತಕ್ಕ ಗಡಸುತನವನ್ನು ನೀಡಿದವು.

ಹಳೆಯದರತ್ತ ಮರಳಿಕೆ

1980ರ ದಶಕದಲ್ಲಿ ಪ್ರಮುಖ ವಾದಕರು ಬೀರುವಿನಂತಹ ರ‍್ಯಾಕ್‌ಗಳಲ್ಲಿ ಹಲವು ಉಪಕರಣಗಳನ್ನು ಜೋಡಿಸಿ ಬಳಸುತ್ತಿದ್ದರು. ಇದರ ಸಂಕೀರ್ಣತೆಗೆ ಪ್ರತಿಕ್ರಿಯೆಯಾಗಿ ಸರಳವಾದ ಹಳೆಯ ಮಂಡಲಗಳಿಗೆ ಬೇಡಿಕೆ ಬಂತು. ಫೆಂಡರ್ ಸಂಸ್ಥೆ 1990ರ ಸುಮಾರಿಗೆ 1959ರ ಬಾಸ್‌ಮನ್‌ನ ಮರುನಿರ್ಮಾಣವನ್ನು ಆರಂಭಿಸಿತು. 1989ರಲ್ಲಿ ಸ್ಥಾಪನೆಯಾದ ಮ್ಯಾಚ್‌ಲೆಸ್‌ನಂತಹ ಸಣ್ಣ ಸಂಸ್ಥೆಗಳು ಕೈಯಿಂದ ಜೋಡಿಸಿದ ದುಬಾರಿ ಆಂಪ್ಲಿಫೈಯರ್‌ಗಳನ್ನು ಮಾರತೊಡಗಿದವು. ಹಿಂದೆ ಅಗ್ಗದ ಸರಕೆಂದು ಕಡೆಗಣಿಸಲಾಗಿದ್ದ ಉಪಕರಣಗಳಿಗೂ ಗೌರವ ದೊರೆಯಿತು. ಸಿಯರ್ಸ್ ಮಳಿಗೆಗಳಲ್ಲಿ ಮಾರಾಟವಾಗುತ್ತಿದ್ದ ಸಿಲ್ವರ್‌ಟೋನ್ ಆಂಪ್ಲಿಫೈಯರನ್ನು ಜ್ಯಾಕ್ ವೈಟ್ ಬಳಸಿದ್ದು ಇದಕ್ಕೆ ಉದಾಹರಣೆ.

ಡಿಜಿಟಲ್ ಯುಗ

ಲೈನ್ 6 ಸಂಸ್ಥೆಯ ಪಾಡ್ 1998ರಲ್ಲಿ ಬಂದು, ಹಲವು ಪ್ರಸಿದ್ಧ ಆಂಪ್ಲಿಫೈಯರ್‌ಗಳ ಅನುಕರಣೆಯನ್ನು ಒಂದೇ ಚಿಕ್ಕ ಪೆಟ್ಟಿಗೆಯಲ್ಲಿ ಒದಗಿಸಿತು. 2006ರ ಆಕ್ಸ್-ಎಫ್ಎಕ್ಸ್ ಮತ್ತು 2011ರ ಕೆಂಪರ್ ಪ್ರೊಫೈಲರ್ ವೃತ್ತಿಪರರನ್ನೂ ಆಕರ್ಷಿಸಿದವು. ಕೆಂಪರ್ ಸಾಧನವು ನಿಜವಾದ ಆಂಪ್ಲಿಫೈಯರಿಗೆ ಪರೀಕ್ಷಾ ಸಂಕೇತಗಳನ್ನು ಕಳುಹಿಸಿ, ಅದರ ಪ್ರತಿಕ್ರಿಯೆಯಿಂದ ಪ್ರತಿರೂಪವನ್ನು ರಚಿಸುತ್ತದೆ. 2013ರ ಡಿಸೆಂಬರಿನಲ್ಲಿ ಮೆಟಾಲಿಕಾ ತಂಡವು ಅಂಟಾರ್ಕ್ಟಿಕಾದ ಕಾರ್ಲಿನಿ ನೆಲೆಯಲ್ಲಿ ಕಛೇರಿ ನೀಡಿದಾಗ, ಅಲ್ಲಿನ ಪರಿಸರಕ್ಕೆ ತೊಂದರೆಯಾಗದಂತೆ ವೇದಿಕೆಯ ಆಂಪ್ಲಿಫೈಯರ್‌ಗಳನ್ನು ಕೈಬಿಟ್ಟು, ಪ್ರೇಕ್ಷಕರಿಗೆ ಹೆಡ್‌ಫೋನ್ ಮೂಲಕ ಸಂಗೀತವನ್ನು ಕೇಳಿಸಲಾಯಿತು.

ವಾದಕರ ವೈಯಕ್ತಿಕ ಆಯ್ಕೆಗಳು

ಒಬ್ಬನೇ ವಾದಕನ ಜೀವನದಲ್ಲಿಯೂ ಅಭಿರುಚಿ ಬದಲಾಗುವುದುಂಟು. ಎರಿಕ್ ಕ್ಲ್ಯಾಪ್ಟನ್ 1966ರಲ್ಲಿ ಜಾನ್ ಮೇಯಲ್ ಅವರೊಂದಿಗಿನ ಧ್ವನಿಮುದ್ರಣದಲ್ಲಿ ಮಾರ್ಷಲ್ ಕಾಂಬೋವನ್ನು ಗರಿಷ್ಠ ಮಟ್ಟದ ಸಮೀಪದಲ್ಲಿ ನುಡಿಸಿದರು. ಕ್ರೀಮ್ ತಂಡದಲ್ಲಿ 100 ವ್ಯಾಟ್‌ಗಳ ಸ್ಟ್ಯಾಕ್‌ಗಳನ್ನು ಬಳಸಿದರು. 1970ರ 'ಲೈಲಾ' ಧ್ವನಿಮುದ್ರಣದಲ್ಲಿ ಫೆಂಡರ್‌ನ ಪುಟ್ಟ ಚಾಂಪ್ ಸಾಕಾಯಿತು. 1980ರ ದಶಕದ ಕೊನೆಯಲ್ಲಿ ಅಧಿಕ ಗೇನ್‌ನ ಸೋಲ್ಡಾನೋಗೆ ಹೊರಳಿ, ನಂತರ ಮತ್ತೆ ಟ್ವೀಡ್ ಮಾದರಿಗಳಿಗೆ ಮರಳಿದರು. ಎಡ್ಡಿ ವ್ಯಾನ್ ಹೇಲನ್ ಹಳೆಯ ಮಾರ್ಷಲ್‌ಗೆ ವೇರಿಯಾಕ್ ಮೂಲಕ ಕಡಿಮೆ ವೋಲ್ಟೇಜ್ ನೀಡುವುದರಿಂದ ಆರಂಭಿಸಿ, ಮುಂದೆ ಪೀವಿ ಸಂಸ್ಥೆಯೊಂದಿಗೆ 5150 ಮಾದರಿಯನ್ನು ರೂಪಿಸಿದರು.

ಇದಕ್ಕೆ ಅಪವಾದಗಳೂ ಇವೆ. ನೀಲ್ ಯಂಗ್ 1959ರ ಫೆಂಡರ್ ಡಿಲಕ್ಸ್ ಒಂದನ್ನು ದಶಕಗಳಿಂದ ಬಿಟ್ಟುಕೊಟ್ಟಿಲ್ಲ. ಬ್ರಯಾನ್ ಮೇ ವೇದಿಕೆಯಲ್ಲಿ ಎಸಿ30ಗಳನ್ನೇ ನೆಚ್ಚಿಕೊಂಡಿದ್ದಾರೆ. ಸ್ಟುಡಿಯೋದಲ್ಲಿ, ಕಸದ ತೊಟ್ಟಿಯಲ್ಲಿ ಸಿಕ್ಕ ಮಂಡಲದಿಂದ ಸಹವಾದಕ ಜಾನ್ ಡೀಕನ್ ತಯಾರಿಸಿದ 'ಡೀಕಿ' ಆಂಪ್ಲಿಫೈಯರನ್ನೂ ಬಳಸಿದ್ದಾರೆ.

ಬದಲಾವಣೆಯ ಕಾರಣಗಳು

ಶಬ್ದಮಟ್ಟ ಮತ್ತು ಶ್ರವಣ: ಶಕ್ತಿಯನ್ನು 50ರಿಂದ 100 ವ್ಯಾಟ್‌ಗಳಿಗೆ ಏರಿಸಿದರೆ ಶಬ್ದಮಟ್ಟ ಹೆಚ್ಚುವುದು ಕೇವಲ 3 ಡೆಸಿಬೆಲ್. ಶಬ್ದವು ಎರಡು ಪಟ್ಟಾದಂತೆ ಕೇಳಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ 5 ವ್ಯಾಟ್‌ಗಳ ವಾಲ್ವ್ ಆಂಪ್ಲಿಫೈಯರ್ ಕೂಡ ಮನೆಯ ಕೋಣೆಗೆ ವಿಪರೀತವೆನಿಸಬಹುದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು; ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧಕ್ಕಿಳಿದು, 100 ಡೆಸಿಬೆಲ್‌ನಲ್ಲಿ 15 ನಿಮಿಷವಷ್ಟೇ ಉಳಿಯುತ್ತದೆ. ಶ್ರವಣದೋಷದ ಬಗ್ಗೆ ಬಹಿರಂಗವಾಗಿ ಮಾತನಾಡಿರುವ ಟೌನ್‌ಶೆಂಡ್, ಅದಕ್ಕೆ ಸ್ಟುಡಿಯೋದ ಹೆಡ್‌ಫೋನ್‌ಗಳನ್ನೂ ಕಾರಣವಾಗಿ ಹೇಳಿದ್ದಾರೆ. 1989ರ ಪ್ರವಾಸದಲ್ಲಿ ಅವರು ಹೆಚ್ಚಾಗಿ ಅಕೌಸ್ಟಿಕ್ ಗಿಟಾರನ್ನೇ ನುಡಿಸಿದರು. ಒಮ್ಮೆ ಕುಂದಿದ ಶ್ರವಣಶಕ್ತಿ ಸಾಮಾನ್ಯವಾಗಿ ಮರಳುವುದಿಲ್ಲವಾದ್ದರಿಂದ, ಕಡಿಮೆ ಶಕ್ತಿಯ ಆಂಪ್ಲಿಫೈಯರ್‌ಗಳತ್ತ ಒಲವು ಕೇವಲ ಅಭಿರುಚಿಯ ವಿಷಯವಲ್ಲ.

ಭಾರ: ವಾಲ್ವ್‌ಗಳ ಟ್ವಿನ್ ರಿವರ್ಬ್ ಮರುನಿರ್ಮಾಣವು ಸುಮಾರು 29 ಕಿಲೋಗ್ರಾಂ ತೂಗಿದರೆ, 2019ರಲ್ಲಿ ಬಂದ ಅದರ ಡಿಜಿಟಲ್ ರೂಪವಾದ ಟೋನ್ ಮಾಸ್ಟರ್ ಸುಮಾರು 15 ಕಿಲೋಗ್ರಾಂ ತೂಗುತ್ತದೆ. ತಾವೇ ಸಾಮಾನು ಹೊರುವ ವಾದಕರಿಗೆ, ವಯಸ್ಸಾದಂತೆ ಇದು ನಿರ್ಣಾಯಕವಾಗುತ್ತದೆ.

ವಾಲ್ವ್‌ಗಳ ಲಭ್ಯತೆ: ಅಮೆರಿಕ ಮತ್ತು ಪಶ್ಚಿಮ ಯೂರೋಪಿನ ದೊಡ್ಡ ಕಾರ್ಖಾನೆಗಳು ಮುಚ್ಚಿದ ಬಳಿಕ ವಾಲ್ವ್ ತಯಾರಿಕೆ ಬಹುಪಾಲು ರಷ್ಯಾ, ಚೀನಾ ಮತ್ತು ಸ್ಲೊವಾಕಿಯಾಗಳಲ್ಲಿ ಉಳಿಯಿತು. 2022ರಲ್ಲಿ ರಷ್ಯಾ ರಫ್ತಿನ ಮೇಲೆ ನಿರ್ಬಂಧ ಹೇರಿದಾಗ ಪೂರೈಕೆಯ ಬಗ್ಗೆ ಆತಂಕ ಉಂಟಾಗಿ ಬೆಲೆಗಳು ಏರಿದವು.

ಧ್ವನಿವ್ಯವಸ್ಥೆಯ ಸುಧಾರಣೆ: ಇಂದು ಗಿಟಾರಿನ ನಾದವನ್ನು ಮೈಕ್ರೊಫೋನ್ ಅಥವಾ ನೇರ ಸಂಪರ್ಕದ ಮೂಲಕ ಸಭಾಂಗಣದ ಸ್ಪೀಕರ್‌ಗಳಿಗೆ ಕಳುಹಿಸಲಾಗುತ್ತದೆ. ಆದ್ದರಿಂದ ವೇದಿಕೆಯ ಆಂಪ್ಲಿಫೈಯರ್ ಪ್ರೇಕ್ಷಕರನ್ನು ತಲುಪುವಷ್ಟು ಶಕ್ತಿಯುತವಾಗಿರಬೇಕಿಲ್ಲ. ಆದರೂ ಡಿಜಿಟಲ್ ಸಾಧನಗಳು ಪ್ರಧಾನವಾಗಿ ಅನುಕರಿಸುವುದು ಟ್ವೀಡ್ ಫೆಂಡರ್, ವೋಕ್ಸ್ ಎಸಿ30 ಮತ್ತು ಮಾರ್ಷಲ್‌ಗಳಂತಹ ಹಳೆಯ ವಾಲ್ವ್ ಆಂಪ್ಲಿಫೈಯರ್‌ಗಳನ್ನೇ.

ಇವನ್ನೂ ನೋಡಿ

ಎಲೆಕ್ಟ್ರಿಕ್ ಗಿಟಾರ್
ನಿರ್ವಾತ ನಳಿಕೆ
ಧ್ವನಿವರ್ಧಕ
ರಾಕ್ ಸಂಗೀತ